ಎತ್ತಿನ ಪಕ್ಕದ ಬಕೆಟ್ಟು

ತೋರಿಸುವುದೇ ಆ ಮನೆಯವರ ಕಸುಬು. ಹೊಲ, ಹೊಳೆ, ಹಸು ನೋಡಬೇಕೆಂದು ಬಂದವರ ಬಸ್ಸು ಗೇಟಿನ ಮುಂದೆ ನಿಂತರೆ ಸಾಕು, ಇಡೀ ಸಂಸಾರಕ್ಕೆ ಜೀವಕಳೆ ಬರುತ್ತದೆ. ಮಾವ ಎಲ್ಲರನ್ನೂ ಹೊಳೆದಂಡೆಗೆ ಕರೆದೊಯ್ದು, ತುಟಿಗೆ ಬೆರಳಿಟ್ಟು ಸುಮ್ಮನಿರಿಸಿ, ಹಕ್ಕಿ ತೋರಿಸುತ್ತಾರೆ. ಮಗ ತರಕಾರಿ ಪಾತಿಗೆ ಇಳಿಸಿ ಅವರ ಕೈಯಿಂದಲೇ ಕ್ಯಾರೆಟ್ ಕೀಳಿಸುತ್ತಾನೆ. ಕೊನೆಗೆ ಕೊಟ್ಟಿಗೆ, ಅದು ಅತ್ತೆಯ ರಾಜ್ಯ. ಸೊಸೆಯ ಪಾಲಿಗೆ ಬಂದದ್ದು ಬೂಟುಗಳು: ಬಂದವರ ಕಾಲಿಗೆ ಹೊಂದುವ ರಬ್ಬರ್ ಬೂಟು ಹುಡುಕಿ ಕೊಡುವುದು, ಹೋದ ಮೇಲೆ ಕೆಸರು ತೊಳೆದು ಬೋರಲು ಹಾಕುವುದು.

ಬೂಟಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಒಂದು ಕಥೆಯ ಬಗ್ಗೆ.

ಅತ್ತೆ ಕಪ್ಪು ಹಸುವಿನ ಕೆಚ್ಚಲು ತೊಳೆಯುತ್ತ ಒಂದು ಭಾಷಣ ಮಾಡುತ್ತಿದ್ದರು. ವರ್ಷಗಳಿಂದ ಅದೇ ಭಾಷಣ, ಒಂದಕ್ಷರ ಆಚೀಚೆ ಆಗುವಂತಿಲ್ಲ. ಮೊದಲು ಹಸುವಿನ ಹೊಗಳಿಕೆ, ಆಮೇಲೆ ಹುಲ್ಲಿನ ವಿಷಯ, ಆಮೇಲೆ ಸೊಸೆಯ ಸರದಿ. "ಪೇಟೆ ಹುಡುಗಿ ನೋಡಿ! ಈ ಮನೆಗೆ ಬಂದ ಮಾರನೇ ದಿನ ಬಕೆಟ್ಟು ಹಿಡ್ಕೊಂಡು ಎತ್ತಿನ ಪಕ್ಕ ಕೂತಿದ್ಲು, ಹಾಲು ಕರೆಯೋಕೆ!" ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಆಮೇಲೆ ಹಾಲು ಕರೆಯುವುದು.

ಬೂಟು ಜೋಡಿಸುತ್ತ ನಿಂತವಳು ತಾನೂ ನಕ್ಕಂತೆ ಮಾಡಬೇಕಾಗುತ್ತಿತ್ತು. ನಿಜವೆಂದರೆ ಅವತ್ತು ಅವಳು ಹೋದದ್ದು ಎತ್ತಿಗೆ ನೀರು ಕುಡಿಸಲು. ಆದರೆ ಅತ್ತೆಯ ಉಪ್ಪು ಖಾರದ ಮುಂದೆ ಸಪ್ಪೆ ನಿಜ ಯಾರಿಗೆ ಬೇಕು? ಗಂಡನಿಗೆ ಹೇಳಿದರೆ, "ಅಮ್ಮನ ಬಾಯಿ ಗೊತ್ತಲ್ಲ, ಈ ಕಿವೀಲಿ ಕೇಳಿ ಆ ಕಿವೀಲಿ ಬಿಡು" ಎಂದು ಜಾರಿಕೊಂಡಿದ್ದ. ಎರಡೂ ಕಿವಿ ತುಂಬಿಹೋಗಿವೆ ಎಂದು ಅವನಿಗೆ ಯಾರು ಹೇಳಬೇಕು!

ಒಂದು ಬೆಳಿಗ್ಗೆ ಅತ್ತೆಯ ಗಂಟಲು ಕಟ್ಟಿಬಿಟ್ಟಿತು. ಕೊರಳಿಗೆ ಶಾಲು ಸುತ್ತಿಕೊಂಡು ಬಾಯಿ ಆಡಿಸಿದರೆ ಬರುವುದು ಬರೀ ಗಾಳಿ. ಬಸ್ಸು ಬಂದೇಬಿಟ್ಟಿತ್ತು. ಉಳಿದ ಹಸುಗಳನ್ನು ದಿನವೂ ಕರೆಯುವವಳು ಸೊಸೆಯೇ. ಆದರೆ ಕಪ್ಪು ಹಸುವನ್ನು ಅತ್ತೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಸಂಜೆ ನೋಡುವವರಿಲ್ಲದಾಗಲೂ ಅದರೆದುರು ಭಾಷಣ ಪೂರ್ತಿ ಒಪ್ಪಿಸಿ, ಜನರ ನಗುವನ್ನೂ ತಾವೇ ನಕ್ಕು, ಆಮೇಲೆಯೇ ಕರೆಯುತ್ತಿದ್ದರು.

ಸೊಸೆ ಸ್ಟೂಲು ಎಳೆದುಕೊಂಡು ಕೂತಳು. ಇವತ್ತು ಆ ಕಥೆಗೆ ರಜೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಹಸುವನ್ನು ಹೊಗಳಿದಳು, ಹುಲ್ಲಿನ ವಿಷಯ ಹೇಳಿದಳು, ಕೆಚ್ಚಲಿಗೆ ಕೈ ಹಾಕಿದಳು. ಒಂದು ಹನಿ ಇಲ್ಲ. ಹಸು ಕತ್ತು ತಿರುಗಿಸಿ, ಏನೋ ಬಾಕಿ ಇದೆಯಲ್ಲ ಎಂಬಂತೆ ನೋಡಿತು. ಜನ ಮೊಬೈಲು ಹಿಡಿದು ಕಾಯುತ್ತಿದ್ದರು. ಮಾವ ಕೆಮ್ಮಿದರು. ಬಾಗಿಲಲ್ಲಿದ್ದ ಅತ್ತೆ ಸನ್ನೆ ಮಾಡತೊಡಗಿದರು: ತಲೆಯ ಮೇಲೆ ಬೆರಳುಗಳ ಕೊಂಬು, ಆಮೇಲೆ ಹೊಟ್ಟೆ ಹಿಡಿದು ನಗುವ ಅಭಿನಯ. ಸೊಸೆಗೆ ಆಗ ಹೊಳೆಯಿತು. ಇಷ್ಟು ವರ್ಷ ನಗು ಕೇಳಿದ ಮೇಲೆಯೇ ಹಾಲು ಕೊಟ್ಟು ರೂಢಿಯಾದ ಹಸು, ನಗುವಿಲ್ಲದೆ ಬಿಡುವುದಿಲ್ಲ!

ಅವಳಿಗೆ ಅಳು ಬಂದಂತಾಯಿತು. ತನ್ನ ಮಾನ ಹರಾಜು ಹಾಕದೆ ಈ ಹಸುವೂ ಕೆಲಸ ಮಾಡುವುದಿಲ್ಲವಲ್ಲ! ಅಳುವಿನ ಹಿಂದೆಯೇ ಮೊಂಡು ಧೈರ್ಯವೂ ಬಂತು. ಹೇಳಲೇಬೇಕಾದರೆ ನಡೆದದ್ದನ್ನೇ ಹೇಳೋಣ.

"ನಾನು ಈ ಮನೆಗೆ ಬಂದ ಮಾರನೇ ದಿನ, ಪಾಪ ಬಾಯಾರಿದೆಯೇನೋ ಅಂತ ಎತ್ತಿಗೆ ಬಕೆಟ್ಟಲ್ಲಿ ನೀರು ತಗೊಂಡು ಹೋದೆ," ಎಂದಳು. "ಅದು ಮೂಸಿ ನೋಡಿ ಮುಖ ತಿರುಗಿಸ್ತು. ಕುಡಿಯಪ್ಪಾ, ರಾಜಾ, ಅಂತ ಪಕ್ಕದಲ್ಲೇ ಕೂತು ಬೇಡ್ಕೊಳ್ತಿದ್ದೆ. ನಮ್ಮತ್ತೆ ಬಂದ್ರು. ನನ್ನ ನೋಡಿದ್ರು, ಎತ್ತು ನೋಡಿದ್ರು, ಬಕೆಟ್ಟು ನೋಡಿದ್ರು. ಬಕೆಟ್ಟಲ್ಲಿ ಏನಿದೆ ಅಂತ ಮಾತ್ರ ನೋಡ್ಲಿಲ್ಲ! ಅಯ್ಯಯ್ಯೋ ಅಂತ ಅವರು ಕೂಗಿದ ಕೂಗಿಗೆ ಎತ್ತು ಬೆದರಿ ಬಕೆಟ್ಟು ಒದೀತು, ನೀರೆಲ್ಲಾ ಚರಂಡಿ ಪಾಲು. ನನಗಿದ್ದ ಒಂದೇ ಸಾಕ್ಷಿ ಅಲ್ಲೇ ಹರ್ಕೊಂಡು ಹೋಯ್ತು!"

ಕೊಟ್ಟಿಗೆಯ ಸೂರು ಹಾರುವಂತೆ ಜನ ನಕ್ಕರು. ಹಸು ಬಾಲ ಬೀಸಿ ನೆಟ್ಟಗೆ ನಿಂತಿತು, ಬಕೆಟ್ಟಿಗೆ ಚರ್ರನೆ ಹಾಲು ಬಿತ್ತು. ಸೊಸೆ ಬಾಗಿಲಿನತ್ತ ತಲೆಯೆತ್ತುವ ಧೈರ್ಯ ಮಾಡಲಿಲ್ಲ.

ಬಸ್ಸು ಹೋದ ಮೇಲೆ ಅತ್ತೆ ಹತ್ತಿರ ಬಂದರು. ಇದ್ದಬದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ, "ನೀರು ಕೊಡೋಕಾ ಹೋಗಿದ್ದೆ?" ಎಂದರು.

"ಹೂಂ, ಅತ್ತೆ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ನೀವೆಲ್ಲಿ ಬಿಟ್ರಿ? ಎಲ್ಲರೂ ನಗ್ತಾನೇ ಇದ್ರಿ."

ಅತ್ತೆ ಸೊಸೆಯ ಕೆನ್ನೆಗೆ ಅಂಟಿದ್ದ ಹುಲ್ಲುಕಡ್ಡಿ ತೆಗೆದು ಒಳಗೆ ಹೋದರು.

ಗಂಟಲು ಸರಿಹೋದ ದಿನ ಅತ್ತೆ ಮತ್ತೆ ಸ್ಟೂಲಿನ ಮೇಲೆ ಕೂತರು. ಹೊಗಳಿಕೆ ಮುಗಿಯಿತು, ಹುಲ್ಲೂ ಮುಗಿಯಿತು. ಇನ್ನು ಸೊಸೆಯ ಸರದಿ.

"ನಮ್ಮ ಸೊಸೆ ನೋಡಿ! ಬಂದ ಮಾರನೇ ದಿನವೇ ಬಾವಿಯಿಂದ ಎರಡು ದೊಡ್ಡ ಬಕೆಟ್ಟು ನೀರು ಹೊತ್ಕೊಂಡು ಬಂದು ಎತ್ತಿಗೆ ಕುಡಿಸ್ತಿದ್ಲು. ನಾನೊಬ್ಬಳು ಪೆದ್ದಿ, ಎತ್ತಿನ ಹಾಲು ಕರೀತಿದ್ದಾಳೆ ಅಂತ ಊರೆಲ್ಲಾ ಸಾರಿಬಿಟ್ಟೆ!"

ಜನ ನಕ್ಕರು, ಹಾಲೂ ಬಂತು. ನಿಜ ಹೇಳಬೇಕೆಂದರೆ ಅವತ್ತು ಅವಳು ಒಯ್ದದ್ದು ನಲ್ಲಿಯಲ್ಲಿ ಹಿಡಿದ ಅರ್ಧ ಬಕೆಟ್ಟು ನೀರು. ಅವಳು ತಿದ್ದಲು ಹೋಗಲಿಲ್ಲ.