ಮುಚ್ಚದ ಎಪಿಕ್

ಆ ಸಾಫ್ಟ್‌ವೇರ್ ಆಫೀಸಿನ ಕಂಪ್ಯೂಟರ್ ಪಟ್ಟಿಯಲ್ಲಿ ಕೆಲಸಗಳಿಗೂ ಒಂದು ವಂಶಾವಳಿ ಇತ್ತು. ಎಲ್ಲಕ್ಕಿಂತ ಮೇಲೆ ಎಪಿಕ್ ಎಂಬ ದೊಡ್ಡ ಕೆಲಸ, ಮನೆಯ ಹಿರಿಯನ ಹಾಗೆ. ಅದರ ಕೆಳಗೆ ಸ್ಟೋರಿ, ಸ್ಟೋರಿಯ ಕೆಳಗೆ ಟಾಸ್ಕ್, ಕಟ್ಟಕಡೆಗೆ ಯಾರೂ ಮೂಸಿ ನೋಡದ ಸಬ್‌ಟಾಸ್ಕ್. ಎಪಿಕ್ಕನ್ನು ಗಿರಾಕಿಯ ಎದುರಿಗೆ ಓದಬೇಕು. ಅದನ್ನು ತೆರೆದವರೇ ‘ಮುಗಿದಿದೆ’ ಎಂದು ಬರೆದು ಮುಚ್ಚಬೇಕು. ಸಬ್‌ಟಾಸ್ಕಿಗೆ ಅಂಥ ಭಾಗ್ಯವಿಲ್ಲ. ಮೇಲಿನದು ಮುಚ್ಚಿದರೆ ಅದೂ ತೆಪ್ಪಗೆ ಮುಚ್ಚಿಕೊಳ್ಳುತ್ತಿತ್ತು, ರಿಪೇರಿ ಆಗಿರಲಿ ಬಿಡಲಿ.

ಅವರು ಮಾಡುತ್ತಿದ್ದುದು ಆಸ್ಪತ್ರೆಯ ಕರೆಗಂಟೆಯ ಸಾಫ್ಟ್‌ವೇರ್. ರೋಗಿ ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ನರ್ಸಿನ ಮೇಜಿನ ಮೇಲೆ ಗಂಟೆ ಮೊಳಗಬೇಕು. ತಪ್ಪು ಹುಡುಕುವ ಕೆಲಸದವಳು ಟೆಸ್ಟರಮ್ಮ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಒಬ್ಬರ ಕರೆ ಮಾಯವಾಗುತ್ತದೆಂದು ಅವಳು ಕಂಡುಹಿಡಿದಳು. ಬಾಣಂತಿಯಾಗಿ ಮಲಗಿದ್ದಾಗ ಅವಳೂ ಇಂಥದೇ ಗುಂಡಿ ಒತ್ತಿ, ಯಾರೂ ಬಾರದೆ ಅತ್ತವಳು. ಅದನ್ನು ಅವಳು ಮರೆತಿರಲಿಲ್ಲ.

ಯಾವುದಕ್ಕೂ ‘ಆಯ್ತು ಬಿಡಿ’ ಎನ್ನುವ ಮ್ಯಾನೇಜರಿಗೆ ಎಲ್ಲರೂ ಇಟ್ಟ ಹೆಸರೂ ಅದೇ. ಆಯ್ತುಬಿಡಿ ಸಾಹೇಬರು ಅವಳು ಹಿಡಿದ ತಪ್ಪನ್ನು ‘ಗುಂಡಿಗೆ ಬಣ್ಣ’ ಎಂಬ ಸ್ಟೋರಿಯ ಕೆಳಗೆ, ಸಬ್‌ಟಾಸ್ಕಾಗಿ ತುರುಕಿದರು. ಗುಂಡಿಗೆ ಹಸಿರು ಬಣ್ಣ ಬಂತು, ಸ್ಟೋರಿ ಮುಚ್ಚಿತು. ಜೊತೆಗೆ ಇದೂ ‘ಮುಗಿದಿದೆ’ ಎಂದಾಯಿತು.

“ಸರ್, ಅದು ಮುಗಿದಿಲ್ಲ,” ಎಂದಳು.

“ಅಲ್ಲಮ್ಮಾ, ಇಬ್ಬರು ಒಟ್ಟಿಗೆ ಯಾಕೆ ಒತ್ತುತ್ತಾರೆ? ನಾಳೆ ಆಸ್ಪತ್ರೆಯವರು ಒಪ್ಪಿಗೆ ಕೊಡೋಕೆ ಬರ್ತಿದಾರೆ. ಸುಮ್ನೆ ಹುಳಿ ಹಿಂಡಬೇಡ. ಕೆಲಸ ಬೇಕು ತಾನೆ?”

ಅವಳ ಮೈ ಉರಿದುಹೋಯಿತು. ಬಣ್ಣದ ಸ್ಟೋರಿಗೆ ಮಗುವಂತೆ, ಆ ಕರೆ! ಯಾರದೋ ಉಸಿರನ್ನು ಯಾರದೋ ಅಂದಚೆಂದಕ್ಕೆ ದತ್ತು ಕೊಡುವುದಕ್ಕೆ ಇವರು ಯಾರು? ಕುರ್ಚಿಗೆ ಬಂದು, ಸಬ್‌ಟಾಸ್ಕನ್ನು ಅಲ್ಲಿಂದ ಕಿತ್ತು, ತನ್ನ ಹೆಸರಿನಲ್ಲೇ ಹೊಸ ಎಪಿಕ್ ಮಾಡಿದಳು. ಅದಕ್ಕೆ ‘ಕರೆ ಮಾಯವಾಗುತ್ತದೆ’ ಎಂದು ಹೆಸರು ಬರೆದಳು.

ಮರುದಿನ ಸಭೆಯ ಕೋಣೆಯ ಗೋಡೆಯ ಪರದೆಯಲ್ಲಿ ಎಪಿಕ್ಕುಗಳು ಮೂಡಿದವು. ಮುಚ್ಚಿದವೆಲ್ಲ ಹಸಿರು, ಮುಚ್ಚದ ಒಂದು ಮಾತ್ರ ಕೆಂಪು. ಆಸ್ಪತ್ರೆಯ ಹಿರಿಯ ನರ್ಸ್ ಕನ್ನಡಕ ಏರಿಸಿಕೊಂಡು ಕೇಳಿದರು: “ಇದೇನು, ಕರೆ ಮಾಯವಾಗ್ತದೆ ಅಂತ?”

“ಅದು ಚಿಕ್ಕದು, ಕೈತಪ್ಪಿ ಮೇಲೆ ಬಂದಿದೆ. ಆಯ್ತು ಬಿಡಿ, ಮುಂದಕ್ಕೆ ಹೋಗೋಣ,” ಎಂದರು ಸಾಹೇಬರು.

“ಕೈತಪ್ಪಿ ಬಂದಿಲ್ಲ. ನಾನೇ ಏರಿಸಿದ್ದು,” ಎಂದಳು ಟೆಸ್ಟರಮ್ಮ. ಮೇಜಿನ ಮೇಲೆ ಎರಡು ಗುಂಡಿ ಇಟ್ಟು ನರ್ಸಮ್ಮನ ಕಡೆ ಸರಿಸಿದಳು. “ಎರಡನ್ನೂ ಒಟ್ಟಿಗೆ ಒತ್ತಿ ನೋಡಿ, ಅಮ್ಮಾ.”

ನರ್ಸಮ್ಮ ಒತ್ತಿದರು. ಒಂದೇ ಗಂಟೆ ಮೊಳಗಿತು. ಇನ್ನೊಂದು ಹಾಸಿಗೆಯ ಹೆಸರು ಪರದೆಯಲ್ಲಿ ಬರಲೇ ಇಲ್ಲ. ಅವರು ಮತ್ತೊಮ್ಮೆ ಒತ್ತಿ, ಒಪ್ಪಿಗೆ ಪತ್ರಕ್ಕೆ ಸಹಿ ಮಾಡದೆ ಪೆನ್ನಿನ ಮುಚ್ಚಳ ಹಾಕಿ ಎದ್ದರು.

“ನಮ್ಮಲ್ಲಿ ಎಲ್ಲರೂ ಒಟ್ಟಿಗೇ ಒತ್ತೋದು,” ಎಂದಷ್ಟೇ ಹೇಳಿ ಹೊರಟರು.

ಬಾಗಿಲು ಮುಚ್ಚಿದ ಮೇಲೆ ಸಾಹೇಬರ ಮುಖ ಕೆಂಡವಾಗಿತ್ತು. “ನಾಳೆಯಿಂದ ಎಪಿಕ್ ತೆರೆಯೋ ಅಧಿಕಾರ ನಿನಗಿಲ್ಲ. ಈಗಲೇ ಇದನ್ನ ಮುಚ್ಚು.”

“ಅಧಿಕಾರ ಇಟ್ಕೊಳ್ಳಿ, ಸರ್. ಬೇಕಾದ್ರೆ ನನ್ನ ಕೆಲಸಾನೂ ತಗೊಳ್ಳಿ. ಆದ್ರೆ ತೆರೆದವರೇ ಮುಚ್ಚಬೇಕು ಅನ್ನೋ ನಿಯಮ ಮಾಡಿದ್ದು ನೀವೇ.” ಅವಳು ಗುಂಡಿಗಳೆರಡನ್ನೂ ಅವರ ಮುಂದಿಟ್ಟಳು. “ಎರಡೂ ಗಂಟೆ ಮೊಳಗಿದ ದಿನ ಕರೀರಿ. ಬಂದು ಮುಚ್ತೀನಿ.”