ಬುಡದ ಒಂದು ಸೆಂಟಿಮೀಟರ್

ಕೊಬ್ಬರಿ ಎಣ್ಣೆಯ ವಾಸನೆ, ಅಸಿಟೋನಿನಲ್ಲಿ ಎರಡು ಸಲ ತೊಳೆದರೂ ಹೋಗಿಲ್ಲ, ಮುತ್ತಿಯ ಕೂದಲು, ಕತ್ತಿನ ಹಿಂದೆ ನಾನೇ ಈಗ ಕತ್ತರಿಸಿದ್ದು, ಬುಡ ಯಾವ ಕಡೆ ಎಂದು ಗೊತ್ತಾಗಲು ದಾರ ಕಟ್ಟಿದ್ದೇನೆ — ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ, ತಿಂದ ಮೀನಿನ ಪಾದರಸ ಆಯಾ ತಿಂಗಳ ಕೂದಲಿನಲ್ಲಿ ಕೂತುಬಿಡುತ್ತದೆ, ಕೂದಲು ಸುಳ್ಳು ಹೇಳುವುದಿಲ್ಲ, ಹೇಳಿದವಳು ನಾನು, ಇಲ್ಲ, ಸುಳ್ಳಲ್ಲ, ಅವಸರ, ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅವ್ವ ಬೈಯುವುದು ಸುಮ್ಮನೆ ಅಲ್ಲ. ಬುಡದಿಂದ ಮೂರು ಸೆಂಟಿಮೀಟರ್ ಅಳೆದು ಮೂರು ತುಂಡು ಮಾಡಿದೆ, ತುದಿಯದು ಅವಳು ಮೀನು ತಿನ್ನಬಹುದಾ ಅಂತ ನನ್ನನ್ನು ಕೇಳುವ ಮುಂಚಿನ ತಿಂಗಳು, ಉಳಿದೆರಡು ಕೇಳಿದ ಮೇಲಿನವು, ಬುಡದ್ದು ಈ ತಿಂಗಳದು. ನೆಲ್ಯಹುದಿಕೇರಿಯ ಅಂಗನವಾಡಿಯಲ್ಲಿ ಅನುಮಾನ ಇದ್ದರೆ ಮೀನು ನಮ್ಮ ಲ್ಯಾಬಿಗೆ ತನ್ನಿ, ನೋಡಿಕೊಡ್ತೀನಿ ಅಂತ ಭಾಷಣ ಬಿಗಿದವಳೂ ನಾನೇ, ನಂಬಿ ಎಸ್ಟೇಟ್ ಕೂಲಿಯವರ ಲೈನ್‌ಮನೆಯಿಂದ ಮುತ್ತಿ ಬಂದೇಬಿಟ್ಟಳು, ಬಾಳೆಲೆಯಲ್ಲಿ ಸುತ್ತಿದ ಕೊರಮೀನು, ಅಕ್ಕ, ಎಸ್ಟೇಟ್ ಕೆರೇದು ಇದು, ತೋಟಕ್ಕೆ ಹೊಡೆಯೋ ಹಳೇ ಔಷಧಿ ಡ್ರಮ್ಮೆಲ್ಲ ಅಲ್ಲೇ ಹೂತಿದಾರಂತೆ, ನಂಗೀಗ ಮೂರು ತಿಂಗಳು, ತಿನ್ನಬಹುದಾ ನೋಡಿ.

ಅವತ್ತು ಶುಕ್ರವಾರ, ಮರುದಿನ ಹಾಸನದಲ್ಲಿ ತಮ್ಮನ ಬೀಗರೂಟ, ಮೀನಿನ ತುಂಡು ಅರವತ್ತು ಡಿಗ್ರಿಯಲ್ಲಿ ರಾತ್ರಿಯೆಲ್ಲ ಒಣಗಬೇಕು, ಯಾರು ಕಾಯುತ್ತಾರೆ, ಓವನ್ನಿನ ತಿರುಗಣೆಯನ್ನು ನೂರಹತ್ತಕ್ಕೆ ತಿರುಗಿಸಿದೆ, ಮೂರು ಗಂಟೆಗೆ ಕಟಕಟ ಒಣಗಿತ್ತು, ಅಷ್ಟು ಕಾವಿಗೆ ಪಾದರಸ ಹಾರಿಹೋಗುತ್ತದೆ ಅಂತ ತರಬೇತಿಗೆ ಬರುವ ಮಕ್ಕಳಿಗೆ ಪಾಠ ಹೇಳುವವಳು ನಾನು, ಅಂಕಿ ಮಿತಿಯೊಳಗೆ ಬಂತು, ಬರದೆ ಏನು, ಇದ್ದದ್ದೆಲ್ಲ ಹಾರಿಹೋದ ಮೇಲೆ, ಬಸ್ ಸ್ಟ್ಯಾಂಡಿನಿಂದಲೇ ಫೋನ್ ಮಾಡಿದೆ — ತಿನ್ನು ಮುತ್ತಿ, ಏನೂ ಆಗಲ್ಲ, ಮಗೂಗೂ ಒಳ್ಳೇದು. ಮಗೂಗೂ ಒಳ್ಳೇದು ಅನ್ನುವುದನ್ನು ಯಾರು ಕೇಳಿದ್ದರು ನನ್ನ ಹತ್ತಿರ. ಮೊನ್ನೆ ಲ್ಯಾಬಿನ ಮುಖ್ಯಸ್ಥರು ಅನಂತಕೃಷ್ಣ ಸರ್ ಹೊಸ ಯಂತ್ರ ಪರೀಕ್ಷಿಸಲು ಫ್ರೀಜರಿನಲ್ಲಿ ಉಳಿದಿದ್ದ ಅದೇ ಮೀನಿನ ತುಂಡನ್ನು ಒಣಗಿಸದೆ ಹಾಕಿದರು, ಮಿತಿಯ ಮೂರರಷ್ಟು, ವೀಣಾ, ಇದು ನೀವು ಪಾಸ್ ಮಾಡಿದ ಮೀನಲ್ವಾ, ಅಷ್ಟೇ ಕೇಳಿದರು, ಮೆತ್ತಗೆ, ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಯಂತ್ರ ಒಂದೊಂದೇ ತುಂಡನ್ನು ಸುಟ್ಟು ಅಳೆಯುತ್ತಿದೆ, ತುದಿಯದು ಸೊನ್ನೆ ಪಾಯಿಂಟ್ ಎಂಟು, ಎಲ್ಲರಿಗೂ ಇರುವಷ್ಟೇ, ನಡುವಿನದು ಆರು ಪಾಯಿಂಟ್ ಮೂರು, ಅಯ್ಯೋ ನನ್ನ ಕರ್ಮವೇ, ಮಷೀನು ಕೆಟ್ಟಿರಬಾರದೇ, ಬಾಗಿಲ ಹೊರಗೆ ಬೆಂಚಿನ ಮೇಲೆ ಮುತ್ತಿ, ಈಗ ಐದು ತಿಂಗಳು, ಸೆರಗಿನ ಕೆಳಗೆ ಹೊಟ್ಟೆ ಕಾಣುತ್ತದೆ, ಸುಮ್ಮನೆ ಒಂದು ಟೆಸ್ಟು ಬಾ ಅಂತ ಕರೆಸಿಕೊಂಡಿದ್ದೇನೆ, ನಿಜ ಹೇಳಿಲ್ಲ, ಈಗಲಾದರೂ ಹೇಳು, ಎದ್ದು ಹೋಗಿ ಹೇಳು, ಹೋದೆ, ಮುತ್ತಿ, ಇನ್ಮೇಲೆ ಆ ಕೆರೆ ಮೀನು ತಿನ್ನಬೇಡ. ನಗುತ್ತಾಳೆ, ಯಾಕಕ್ಕ, ನೀವೇ ತಾನೆ ಹೇಳಿದ್ದು, ನಮ್ಮತ್ತೆ ಬೇಡ ಬೇಡ ಅಂದ್ರು, ನಾನು ಕೇಳ್ಲಿಲ್ಲ, ಅಕ್ಕ ಅಳೆದು ನೋಡಿ ಹೇಳಿದಾರೆ ಅಂದೆ, ವಾರಕ್ಕೆ ಮೂರು ಸಲ ತಿಂತಿದೀನಿ — ಹಿಂದೆ ಯಂತ್ರ ಬೀಪ್ ಎನ್ನುತ್ತದೆ, ತಿರುಗಿ ನೋಡುತ್ತೇನೆ, ಬುಡದ ಸೆಂಟಿಮೀಟರ್, ಹನ್ನೊಂದು ಪಾಯಿಂಟ್ ನಾಲ್ಕು, ಬುಡದ ಸೆಂಟಿಮೀಟರ್, ಬುಡದ