ಬ್ಯಾಟರಿ ಬಿಚ್ಚುವ ಮೊದಲು

ಪ್ರಭಾವತಿ ಚಾವಿ ತಿರುವಿದಾಗ ಕಾರು ‘ಟಕ್’ ಎಂದು ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಮತ್ತೊಮ್ಮೆ ತಿರುವಿದಳು. ಮತ್ತೆ ಅದೇ ಒಂಟಿ ಸದ್ದು.

ಪಕ್ಕದ ಸೀಟಿನಲ್ಲಿ ಮಾಬೂಬಿ ತೊಡೆಯ ಮೇಲಿನ ಬಟ್ಟೆಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿನ ಮನೆಯ ಗೇಟು ಹಸಿರೋ ನೀಲಿಯೋ ಎಂಬುದು ಈಗ ಅವಳಿಗೆ ನೆನಪಿನಿಂದ ಗೊತ್ತೇ ಹೊರತು ಕಣ್ಣಿನಿಂದಲ್ಲ. ಆ ದಿನ ಹುಬ್ಬಳ್ಳಿಯ ದೇಶಪಾಂಡೆ ನಗರದ ಕಣ್ಣಿನ ಆಸ್ಪತ್ರೆಯಲ್ಲಿ ಬಲಗಣ್ಣಿನ ಆಪರೇಷನ್. ಹಿಂದೆ ಗೊತ್ತುಮಾಡಿದ್ದ ದಿನವನ್ನು ಬೀಗರ ಮನೆಯ ಮದುವೆ ಎಂದು ತಪ್ಪಿಸಿದ್ದಳು; ಅದರ ಮುಂದಿನದು ಜ್ವರ ಎಂದು. ಈ ಸಲ ಪ್ರಭಾವತಿ ತಾನೇ ಕರೆದೊಯ್ಯುತ್ತೇನೆಂದು ಹಟ ಹಿಡಿದಿದ್ದಳು.

ಇಬ್ಬರೂ ಧಾರವಾಡದ ಮಾಳಮಡ್ಡಿಯವರು. ಪ್ರಭಾವತಿ ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ಡ್ರೈವಿಂಗ್ ಕಲಿತು, ಹಳೆಯದೊಂದು ಸಣ್ಣ ಕಾರು ಕೊಂಡಿದ್ದಳು. ಅದರ ಆರೈಕೆಯೆಲ್ಲ ಮಾಬೂಬಿಯ ಗಂಡ ಹುಸೇನಬಾಷಾನ ಗ್ಯಾರೇಜಿನಲ್ಲೇ. ಗಂಡ ಎಂಜಿನ್ ಬಿಚ್ಚಿದರೆ, ಮಾಬೂಬಿ ಮೂಲೆಯಲ್ಲಿ ಕೂತು ಸ್ಟಾರ್ಟರ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಆತ ತೀರಿಹೋದ ಮೇಲೆ ಗ್ಯಾರೇಜು ಮುಚ್ಚಿತು. ಗೆಳೆತನ ಮಾತ್ರ ಸಂಜೆಯ ತಿರುಗಾಟದಲ್ಲಿ ಮುಂದುವರಿದಿತ್ತು.

“ಇವತ್ತ ಬ್ಯಾಡ ಅಂತ ಕಾಣಸ್ತೈತಿ,” ಎಂದಳು ಮಾಬೂಬಿ. “ಇನ್ನೊಂದು ದಿನಾ ಹೋಗೋಣೇಳು.”

“ಸುಮ್ನ ಕೂಡು. ನವಾಜಗ ಫೋನ್ ಮಾಡ್ತೀನಿ.”

ನವಾಜ ಮಾಬೂಬಿಯ ತಂಗಿಯ ಮಗ. ಸ್ಟೇಷನ್ ರಸ್ತೆಯಲ್ಲಿ ಅವನದು ಬ್ಯಾಟರಿ ಅಂಗಡಿ. ಅವನು ಫೋನಿನಲ್ಲೇ, “ಬ್ಯಾಟರಿ ಹೋಗಿರ್ತೈತ್ರಿ ಮೇಡಂ, ಹೊಸಾದು ತಗೊಂಡ ಬರ್ತೇನಿ,” ಎಂದ. ಮಾತಿನಂತೆ ಸ್ವಲ್ಪ ಹೊತ್ತಿಗೆಲ್ಲ ತನ್ನ ವ್ಯಾನಿನಲ್ಲಿ ಬಂದು ಬಾನೆಟ್ ಎತ್ತಿ ಸ್ಪ್ಯಾನರ್ ಹಿಡಿದ.

“ಹಾಕಿ ಎಷ್ಟ ವರ್ಷ ಆತ್ರಿ ಇದನ್ನ?”

“ಹೋದ ಯುಗಾದಿಗೆ ನೀನ ಹಾಕೀದಿ ನೋಡಪ್ಪಾ.”

“ಹಂಗಾರ ಗ್ಯಾರಂಟಿಯೊಳಗ ಐತಿ. ಕಂಪನಿಗೆ ವಾಪಸ್ ಕಳಿಸಿದ್ರಾತು. ನಡ್ರಿ, ಬದಲಿ ಮಾಡೇ ಬಿಡೋಣು. ಹೊಸಾದಕ್ಕ ಚಾರ್ಜ್ ಏರಿಸಿ ಕೂಡಿಸೋದ್ರಾಗ ಮಧ್ಯಾಹ್ನ ಆಗತೈತಿ. ಖಾಲಾ, ನೀವು ಮನಿಗೆ ಹೋಗಿ ಅಡ್ಡಾಗ್ರಿ.”

ಮಾಬೂಬಿ ಕಾರಿನಿಂದ ಇಳಿದಳು. ಮಧ್ಯಾಹ್ನವಾದರೆ ಆಸ್ಪತ್ರೆಯ ಸರದಿ ತಪ್ಪುತ್ತದೆ. ತಪ್ಪಿಸಿದ್ದು ತಾನಲ್ಲ, ಕಾರು. ಯಾರೂ ಏನೂ ಅನ್ನುವಂತಿಲ್ಲ. ನಾಲ್ಕು ಹೆಜ್ಜೆ ಮನೆಯ ಕಡೆ ಇಟ್ಟಳು ಕೂಡ.

ಹಿಂದೆ ಸ್ಪ್ಯಾನರ್ ನಟ್ಟಿಗೆ ಕಚ್ಚಿದ ಸದ್ದು ಕೇಳಿಸಿತು. ಅವಳು ನಿಂತಳು.

“ನವಾಜ, ಬಿಚ್ಚಬ್ಯಾಡ.”

“ಯಾಕ ಖಾಲಾ?”

“ಅದು ಛಲೋ ಐತಿ. ಛಲೋ ಇದ್ದದ್ದನ್ನ ಯಾಕ ಬಿಚ್ಚತಿ?”

ಮಾಬೂಬಿ ಗಾಡಿಯನ್ನು ಕೈಯಿಂದ ಸವರಿಕೊಂಡು ಮುಂದಕ್ಕೆ ಬಂದಳು. “ಬ್ಯಾಟರಿ ಸೋತಿದ್ರ ಟಕಟಕಟಕ ಅಂತ ಹಲ್ಲ ಕಡದಂಗ ಸಪ್ಪಳಾ ಬರತೈತಿ. ಇದು ಒಂದ ಸಲ, ಗಟ್ಟಿ ಟಕ್ ಅಂತು. ಪ್ರಭಾ, ನೀ ಹೆಡ್‌ಲೈಟ್ ಹಚ್ಚು. ನವಾಜ, ನೀ ಚಾವಿ ತಿರುವು. ಗೇರ್ ನ್ಯೂಟ್ರಲ್ ಐತೇನ ನೋಡ್ಕೋ. ಪ್ರಭಾ, ನೀ ಈ ಕಡೆ ಬಂದು ದೀಪಾ ನೋಡಿ ಹೇಳು. ನನಗ ಕಾಣೂದಿಲ್ಲ.”

ಪ್ರಭಾವತಿ ದೀಪ ಹಚ್ಚಿ ಇಳಿದು ಬಂದು ಕಾರಿನ ಮುಂದೆ ಬಗ್ಗಿ ನಿಂತಳು. ನವಾಜ ಚಾವಿ ತಿರುವಿದ. ಟಕ್.

“ದೀಪಾ ಮಂಕಾತೇನು?”

“ಇಲ್ಲ. ಹಂಗ ಉರಿಯಾಕತ್ತದ.”

“ಸರ್ಯಾಗಿ ನೋಡು. ಕಣ್ಣ ಮಿಟುಕಿಸಬ್ಯಾಡ.”

ನವಾಜ ಇನ್ನೊಮ್ಮೆ ತಿರುವಿದ. ಪ್ರಭಾವತಿ ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡಿದಳು. “ಒಂಚೂರೂ ಕಡಿಮಿ ಆಗಿಲ್ಲ.”

“ಮತ್ತ ಬ್ಯಾಟರ್‍ಯಾಗ ಜೀವ ಐತಿ ಅಂತಾತಿಲ್ಲೋ? ಅದು ಸೋತಿದ್ರ ದೀಪಾನೂ ಕುಗ್ಗತಿತ್ತು.”

ನವಾಜ ತಲೆ ಕೆರೆದುಕೊಂಡ. ಒಪ್ಪಿಕೊಳ್ಳಲು ಅವನಿಗೇನೂ ಕಷ್ಟವಾಗಲಿಲ್ಲ. “ಹಂಗಾರ ಸ್ಟಾರ್ಟರ್ ಮೋಟಾರ್ ಸುಟ್ಟಿರಬೇಕು. ಅಂಗಡ್ಯಾಗ ಒಂದ ಐತಿ, ತರ್ಲೇನು?”

“ನೀ ಬರೇ ತರೂದ ನೋಡ್ತಿ! ಕರೆಂಟು ಬ್ಯಾಟರಿಯಿಂದ ಮೋಟಾರಿಗೆ ಹೋಗತೈತಿ. ಹೋದದ್ದು ವಾಪಸ್ ಬರಬೇಕಲ್ಲಪ್ಪ? ವಾಪಸ್ ಬರೂ ದಾರಿ ಕೆಟ್ಟಿದ್ರ ಮೋಟಾರ್ ಏನ ಮಾಡೀತು? ನಿನ್ನ ವ್ಯಾನಿನ್ಯಾಗ ಜಂಪರ್ ವೈರ್ ಐತೇನು?”

ಇತ್ತು. ಮಾಬೂಬಿ ಹೇಳಿದಂತೆ ನವಾಜ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ, ಇನ್ನೊಂದನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಕಚ್ಚಿಸಿದ. ಕರೆಂಟಿಗೆ ಹೊಸದೊಂದು ದಾರಿ ಮಾಡಿಕೊಟ್ಟಂತಾಯಿತು. ಈ ಸಲ ಪ್ರಭಾವತಿಯೇ ಸೀಟಿನಲ್ಲಿ ಕೂತು ಚಾವಿ ತಿರುವಿದಳು. ಎಂಜಿನ್ ಒಂದೇ ಏಟಿಗೆ ಎದ್ದಿತು.

“ಅಯ್ಯ ಶಿವನ!” ಎಂದಳು ಪ್ರಭಾವತಿ.

ಎಂಜಿನ್ ಆರಿಸಿ ನವಾಜ ನೆಲದ ಮೇಲೆ ಗೋಣಿತಟ್ಟು ಹಾಸಿ ಮಲಗಿದ. ಗೇರ್‌ಬಾಕ್ಸಿನಿಂದ ಕಾರಿನ ಮೈಗೆ ಹೋಗುವ ದಪ್ಪ ತಾಮ್ರದ ಪಟ್ಟಿಯೊಂದಿದೆ; ಕರೆಂಟು ವಾಪಸ್ ಬರುವ ದಾರಿ ಅದೇ. ಮೇಲಿನಿಂದ ನೋಡಿದರೆ ಸರಿಯಾಗಿಯೇ ಇತ್ತು. ಬೋಲ್ಟ್ ಬಿಚ್ಚಿದಾಗ ಅದರಡಿಯಲ್ಲಿ ಬೂಸಲಿನಂಥ ಹಸಿರು ಪುಡಿ ಉದುರಿತು. ಉಪ್ಪುಕಾಗದದಿಂದ ತಿಕ್ಕಿ, ತಾಮ್ರ ಕೆಂಪಗೆ ಹೊಳೆಯುವಂತೆ ಮಾಡಿ, ಬಿಗಿದ. ಜಂಪರ್ ವೈರ್ ತೆಗೆದ ಮೇಲೂ ಕಾರು ಮರುಮಾತಿಲ್ಲದೆ ಚಾಲೂ ಆಯಿತು. ಹೊಸ ಬ್ಯಾಟರಿ ಪೆಟ್ಟಿಗೆ ತೆರೆಯದೆಯೇ ವ್ಯಾನಿಗೆ ಹಿಂತಿರುಗಿತು. “ಖಾಲಾ, ನೀವು ಹಿಂಗ ಎಲ್ಲಾರಿಗೂ ಹೇಳಿಕೋತ ಹೋದ್ರ ನನ್ನ ಅಂಗಡಿ ಮುಚ್ಚಬೇಕಾಗತೈತಿ,” ಎಂದು ನಗುತ್ತ ಹೋದ.

ಕಾರು ಮಾಳಮಡ್ಡಿ ದಾಟಿ ಹುಬ್ಬಳ್ಳಿ ರಸ್ತೆಗೆ ಬಂದ ಮೇಲೆ ಪ್ರಭಾವತಿ ಕೇಳಿದಳು: “ನಾ ಮೊದಲ್ನೇ ಸಲ ಚಾವಿ ತಿರುವಿದಾಗನ ನಿನಗ ಗೊತ್ತಿತ್ತು. ಹೌದಲ್ಲೋ?”

ಮಾಬೂಬಿ ಕಿಟಕಿಯ ಕಡೆ ತಿರುಗಿದಳು. “ಬ್ಯಾಟರಿ ಅಲ್ಲ ಅನ್ನೂದು ಗೊತ್ತಿತ್ತು.”

“ಮತ್ತ ಯಾಕ ಸುಮ್ನ ಕುಂತಿ?”

ಪಕ್ಕದ ಲೇನಿನಲ್ಲಿ ಬಸ್ಸೊಂದು ಅವರನ್ನು ದಾಟಿಹೋಯಿತು.

“ನಮ್ಮಕ್ಕ ಜರೀನಾಗ ಆಪರೇಷನ್ ಮಾಡಿದ್ರಲ್ಲ. ಪೊರಿ ತಗದು ಹೊಸಾ ಲೆನ್ಸ್ ಹಾಕಿದ್ರು. ಪಟ್ಟಿ ಬಿಚ್ಚಿದ್ರ ಕತ್ತಲಿ. ಹಿಂದಿನ ನರಾನ ಸತ್ತಿತ್ತಂತ, ಆಮ್ಯಾಲ ಹೇಳಿದ್ರು. ಈಗ ನನಗ ನಿನ್ನ ಆಕಾರನರ ಕಾಣತೈತಿ ಪ್ರಭಾ. ಬೆಳಕರ ಬರತೈತಿ. ಅದೂ ಹೋದ್ರ?”

“ಇದನ್ನ ಡಾಕ್ಟರ್‌ಗೆ ಹೇಳೀಯೇನು?”

“ಅವರ ಮುಂದ ಹೆಂಗ ಹೇಳೂದು? ನೂರಾರು ಮಂದಿ ಕಾಯಾಕತ್ತಿರ್ತಾರ.”

“ಇವತ್ತ ಹೇಳು. ಕೇಳಿದ ಮ್ಯಾಲೂ ನಿನಗ ಬ್ಯಾಡ ಅನಿಸಿದ್ರ ನಾನ ಗಾಡಿ ಹೊಳ್ಳಿಸಿ ಮನಿಗೆ ಕರಕೊಂಡ ಬರ್ತೀನಿ. ಖರೇನ ಹೇಳ್ತೀನಿ.”

ಆಸ್ಪತ್ರೆಯಲ್ಲಿ ಡಾಕ್ಟರು ನಡುವಯಸ್ಸಿನ ಹೆಂಗಸು. ಮಾಬೂಬಿ ಸೆರಗಿನ ತುದಿ ಹಿಂಡುತ್ತ, ಅಕ್ಕನ ಕತೆಯನ್ನು ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

“ನೀವು ಕೇಳಿದ್ದು ಛಲೋ ಆತ್ರಿ,” ಎಂದರು. “ನಾವೂ ಮೊದಲ ಅದನ್ನ ನೋಡಿರ್ತೀವಿ, ಹೇಳಿರೂದಿಲ್ಲ ಅಷ್ಟ. ಆವತ್ತ ತಪಾಸಕ್ಕ ಬಂದಾಗ ಕಣ್ಣಿಗೆ ಬ್ಯಾಟರಿ ಬಿಟ್ಟು, ಯಾವ ಕಡೆಯಿಂದ ಬೆಳಕ ಬರಾಕತ್ತೈತಿ ಅಂತ ಕೇಳಿದ್ವಿ, ನೆನಪೈತೇನು? ನೀವು ಎಲ್ಲಾ ಸರಿ ಹೇಳಿದ್ರಿ. ಸ್ಕ್ಯಾನ್ ಒಳಗೂ ಹಿಂದಿನ ಪರದೆ ಛಲೋ ಕಂಡೈತಿ. ನೂರಕ್ಕ ನೂರು ಅಂತ ಯಾರೂ ಹೇಳಾಕ ಆಗೂದಿಲ್ಲ. ಆದ್ರ ನಿಮ್ಮಕ್ಕಗ ಇದ್ದ ತೊಂದ್ರಿ ನಿಮಗಿಲ್ಲ.”

“ತಪಾಸ ಮಾಡೇ ಹೇಳಾಕತ್ತೀರಲ್ಲ?”

“ಮಾಡೇ ಹೇಳಾಕತ್ತೇನ್ರಿ.”

ಮಾಬೂಬಿ ಪ್ರಭಾವತಿಯ ಕಡೆ ಕೈ ಚಾಚಿದಳು. ಪ್ರಭಾವತಿ ಹಿಡಿದುಕೊಂಡಳು. “ಮತ್ತ ನಡೀರಿ,” ಎಂದಳು ಮಾಬೂಬಿ.

ಆ ರಾತ್ರಿ ಇಬ್ಬರೂ ಹುಬ್ಬಳ್ಳಿಯಲ್ಲೇ ಪ್ರಭಾವತಿಯ ತಂಗಿಯ ಮನೆಯಲ್ಲಿ ಉಳಿದರು. ಮರುದಿನ ಬೆಳಿಗ್ಗೆ ನರ್ಸು ಪಟ್ಟಿ ಬಿಚ್ಚಿದಾಗ ಮಾಬೂಬಿ ಮೊದಲು ಕಣ್ಣು ತೆರೆಯಲೇ ಇಲ್ಲ. ನಿಧಾನವಾಗಿ ತೆರೆದವಳು ಗೋಡೆಯ ಮೇಲಿನ ಕ್ಯಾಲೆಂಡರನ್ನು, ನರ್ಸಿನ ಬಳೆಗಳನ್ನು, ಕೊನೆಗೆ ಪ್ರಭಾವತಿಯ ಮುಖವನ್ನು ನೋಡಿದಳು. ನೋಡುತ್ತಲೇ ಇದ್ದಳು.

“ಏನ ಹಂಗ ನೋಡ್ತಿ?”

“ಮೂಗುಬಟ್ಟು ಬದಲಿ ಮಾಡೀದಿ. ನನಗ ಹೇಳೇ ಇಲ್ಲ!”

ಪ್ರಭಾವತಿಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು.

ಧಾರವಾಡಕ್ಕೆ ಮರಳುವಾಗ ಮಾಬೂಬಿ ಕಪ್ಪು ಕನ್ನಡಕ ಹಾಕಿಕೊಂಡು ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದಿದಳು. ಉಣಕಲ್ಲಿನ ಖಾನಾವಳಿ, ನವನಗರದ ಟ್ಯೂಷನ್ ಕ್ಲಾಸು, ರಾಯಾಪುರದ ಟೈರಿನಂಗಡಿ, ಯಾವುದನ್ನೂ ಬಿಡಲಿಲ್ಲ. ಒಂದು ಬೋರ್ಡಿನಲ್ಲಿ ಕಾಗುಣಿತ ತಪ್ಪಿತ್ತೆಂದು ಬೈದೂ ಬಿಟ್ಟಳು. ನವಲೂರಿನ ಹತ್ತಿರ ರಸ್ತೆಬದಿಯಲ್ಲಿ ಪೇರಲಹಣ್ಣಿನ ಬುಟ್ಟಿಗಳು ಕಂಡವು.

“ನಿಲ್ಲಸು, ನಿಲ್ಲಸು!”

ಕಾರು ನಿಂತ ಕೂಡಲೇ ತಾನೇ ಬಾಗಿಲು ತೆಗೆದು ಇಳಿದಳು. ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಂದೊಂದೇ ಹಣ್ಣನ್ನು ಎತ್ತಿ, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು.

“ಎಲ್ಲಾ ಒಂದ ಗಿಡದ್ದ ಐತ್ಬೇ ಯವ್ವಾ, ಎಷ್ಟಂತ ನೋಡ್ತಿ?” ಎಂದಳು ಮಾರುವವಳು.

“ತಡಿಯವ್ವಾ,” ಎಂದಳು ಮಾಬೂಬಿ, ಮತ್ತೊಂದು ಹಣ್ಣು ಕೈಗೆತ್ತಿಕೊಳ್ಳುತ್ತ. “ಇನ್ನೂ ನೋಡಾಕತ್ತೇನಿ.”